ಶನಿವಾರದ ಎಣ್ಣಿ

ಗಣತಿಯ ಹಾಳೆಯಲ್ಲಿ ಬಿಟ್ಟುಹೋದ ಒಂದು ಸಹಿಗೆಂದು
ಖಡೇಬಜಾರದ ಗಡಿಯಾರದಂಗಡಿಗೆ ಹೋದಾಗ
ಹುಕ್ಕೇರಿ ಮಾಸ್ತರರು ಬೆಂಚಿನ ಮೇಲೆ ಕೂತು
ಲೋಕದ ರೊಕ್ಕವೆಲ್ಲ ಯಹೂದಿಗಳ ಕೈಯಾಗ ಅಂತ
ಗಾಳಿಯಲ್ಲೇ ಲೆಕ್ಕ ಬಿಡಿಸುತ್ತಿದ್ದರು.
"ಒಬ್ಬನ್ನರೆ ನೋಡೀರೇನ್ರೀ?"
ಚಾ ತಂದ ಹುಡುಗ ಮಕ್ತುಮ ಕೇಳಿದ.
"ನೋಡೋದೇನೈತಿ? ಗೊತ್ತಿರೂ ಮಾತು."

ರಹಮೀಮ್ ನಾಗಾಂವಕರ್ ತಲೆ ಎತ್ತಲಿಲ್ಲ.
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಮಾಸ್ತರರದೇ ಎಚ್‌ಎಂಟಿಯ ಹೊಟ್ಟೆ ಬಿಚ್ಚಿ
ಕೂದಲೆಳೆಯ ಸ್ಪ್ರಿಂಗಿಗೆ ಉಸಿರು ಹಿಡಿದಿದ್ದರು.
ಹೆಸರು ಕೇಳಿದವರು ಸಾಬರೆಂದರು,
ಅಡ್ಡಹೆಸರು ಕೇಳಿದವರು ಮರಾಠರೆಂದರು,
ಹೂಂ ಅನ್ನದೆ ಊಹೂಂ ಅನ್ನದೆ
ನಲವತ್ತು ವರ್ಷ.

ನನಗೆ ಗೊತ್ತಿತ್ತು.
ಧರ್ಮದ ಕಾಲಮಿನಲ್ಲಿ 'ಇತರೆ' ಅಂತ ಬರೆದವಳೇ ನಾನು.
ಅವತ್ತು ಹೇಳಿದ್ದರು:
"ಹಡಗ ಒಡೆದು ಕೊಂಕಣದ ದಂಡಿಗೆ ಬಿದ್ದವರಂತ,
ಗಾಣ ತಿರುವಿ ಎಣ್ಣಿ ಮಾರಿದವರಂತ.
ಶನಿವಾರ ಗಾಣ ನಿಲ್ಲತಿತ್ತು,
ಊರವರು ಕರೆದರು ಶನಿವಾರದ ತೇಲಿ.
ಹಡಗ ಖರೇನೋ ಸುಳ್ಳೋ, ಟೀಚರ್,
ಎಣ್ಣಿ ಖರೇ."

ಈಗ ಬಾಯಿ ಬಿಡಬಹುದಿತ್ತು.
ಪೆನ್ನಿನ ಟೊಪ್ಪಿಗೆ ತೆಗೆದೆ, ಹಾಕಿದೆ.
'ಗೌಪ್ಯ' ಅಂತ ಅಚ್ಚಾಗಿತ್ತು ಹಾಳೆಯ ಮೇಲೆ,
ಅದರ ಮರೆಯಲ್ಲಿ ನಿಂತದ್ದು ನನ್ನ ಅಂಜಿಕೆ.

ಮಾಸ್ತರರು ವಾಚು ಕಟ್ಟಿಕೊಂಡರು.
"ಎಷ್ಟಾತು?"
"ನೂರೈವತ್ರೀ."
"ನೂರಾ ಇಪ್ಪತ್ತು ತಗೋ, ರಹಮೀಮಾ."
ತಗೊಂಡರು.
"ಶನಿವಾರ ಬರ್ತೀನಿ, ಪಟ್ಟಾ ಬದಲಿಸಿಕೊಡು."
"ಶನಿವಾರ ಬ್ಯಾಡ್ರೀ."
"ಯಾಕ?"

ಗೋಡೆಯ ತುಂಬ ಗಡಿಯಾರ,
ಒಂದೊಂದರಲ್ಲಿ ಒಂದೊಂದು ಹೊತ್ತು.
ಮಕ್ತುಮ ಖಾಲಿ ಕಪ್ಪು ಎತ್ತಿಕೊಳ್ಳುತ್ತ
ನನ್ನ ಕಡೆ ನೋಡಿದ.