ಸ್ವಾನೇತಿಯಲ್ಲಿ ತಂತಿ ಎಳೆದದ್ದು

ಎರಡು ಮೊಳ ದಪ್ಪದ ಗೋಡೆ. ಅಡುಗೆಮನೆಯ ರೌಟರ್
ಕಣ್ಣು ಮಿಟುಕಿಸುತ್ತದೆ, ಪಕ್ಕದ ಕೋಣೆಗೆ ಸುದ್ದಿಯೇ ಇಲ್ಲ.
ಮುಷ್ನಿ ತಾತನಿಗೆ ನಗು: "ಗುಂಡೇ ತೂರದ ಕಲ್ಲು,
ನಿನ್ನ ಗಾಳಿಮಾತು ತೂರೀತೇ, ತ್ಸಿಯುರಿ?"

ಕೊನೆಗೆ ತಂತಿ. ಹದಿನೆಂಟು ಮೀಟರ್ ನೀಲಿ ಕೇಬಲ್ಲು
ಬಂದೂಕಿನ ಕಂಡಿಯಿಂದ ಹೊರಗಿಳಿದು,
ಹಿಮ ತಾಗದಂತೆ ಕೊಳವೆ ತೊಟ್ಟು,
ಹಟ್ಟಿಯ ಮೇಲಿಂದ ಮತ್ತೆ ಒಳಗೆ.
ತುದಿಯ ಎಂಟು ಎಳೆಗಳ ಬಣ್ಣ ತಪ್ಪಿ ಎರಡು ಸಲ ಕತ್ತರಿಸಿದೆ.
ಆ ಕಂಡಿಗೇ ಕಣ್ಣಿಟ್ಟು ತಾತನ ತಾತ
ಎದುರುಮನೆಯವರನ್ನು ಕಾಯುತ್ತಿದ್ದನಂತೆ.

ಈಗ ಫೋನಿನ ಪಟ್ಟಿಯಲ್ಲಿ ನಮ್ಮ ಹೆಸರಿನ ಕೆಳಗೇ
ಅವರ ಮನೆತನದ ಹೆಸರು, ಬೀಗದ ಗುರುತು, ಎರಡು ಗೆರೆ.
ತಾತ ಕನ್ನಡಕ ಏರಿಸಿ ನೋಡಿದ:
"ಅವರಿಗೂ ನಾವು ಹೀಗೇ ಕಾಣ್ತೀವಾ?"
ಹೂಂ ಅಂದೆ.

ಪಾಸ್‌ವರ್ಡ್ ಇನ್ನಷ್ಟು ಉದ್ದ ಇಡು ಅಂದ.