ಎತ್ತುವ ಮೊದಲು

ಲಾರ್ಗ್ಸ್ ಬೇಯಲ್ಲಿ ಬೆಳಿಗ್ಗೆ ಎಂಟು.
ಗಾಳಿ ಇನ್ನೂ ಹಾಸಿಗೆ ಬಿಟ್ಟಿಲ್ಲ.
ಟ್ರೇಲರಿನಿಂದ ಮರಳಿಗಿಳಿದ ಎರಡೊಡಲ ದೋಣಿ,
ಅದರ ಬೆನ್ನ ಮೇಲೆ ಉದ್ದಕ್ಕೆ ಮಲಗಿದ
ಇಪ್ಪತ್ತಾರು ಅಡಿ ಅಲ್ಯುಮಿನಿಯಂ ಕಂಬ.

ಕ್ಯಾಟಮರಾನ್ ಅನ್ನುತ್ತಾಳೆ ಮೆರಿಲ್, ಮೂಗಿನಲ್ಲಿ ಎಳೆದು.
ಕಟ್ಟುಮರ, ಅಂದಿದ್ದೆ ಮೊದಲ ದಿನ, ಅರ್ಥ ಬಿಡಿಸಿ.
ಒಡಲನ್ನು ಬೆರಳಲ್ಲಿ ತಟ್ಟಿ ನೋಡಿದಳು:
ಮರ ಎಲ್ಲೂ ಕಾಣೆ.
ಕಟ್ಟುವ ಕೆಲಸ ಮಾತ್ರ ಬೇಕಾದಷ್ಟಿದೆ, ಬಾ.

ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು.
ಕನ್ನಡಿ ಮೂರು, ಬಾಗಿಲು ಎರಡು,
ಕೊನೆಯ ಸೀಟಿನಡಿ ನಿದ್ದೆಹೋದ ಹುಡುಗ ಒಬ್ಬ,
ಇಷ್ಟು ಎಣಿಸದೆ ಗೇರು ಹಾಕಿದ್ದೇ ಇಲ್ಲವಂತೆ.
ಮೂರು ವಾರ ನನಗೆ ಕಂಬ ಮುಟ್ಟಗೊಡಲಿಲ್ಲ.

ಮೊದಲು ಮೇಲೆ ನೋಡು, ಅಂದಳು.
ನೋಡಿದೆ. ಎಂಥ ನೀಲಿ!
ಆಕಾಶವಲ್ಲ ಕಣೆ, ಕರೆಂಟಿನ ತಂತಿ.

ಆಮೇಲೆ ಬುಡ.
ಕಂಬದ ಪಾದ ಗೂಡಿನಲ್ಲಿ ನೆಟ್ಟಗೆ ಕೂತಿದೆಯೇ,
ಕೀಲಿನ ಮೊಳೆ ಆಚೆ ಬದಿಗೂ ಇಣುಕಿದೆಯೇ.
ಆ ಎರಕದ ತುಂಡು ನನ್ನ ಅಂಗೈಯಷ್ಟೂ ಇಲ್ಲ.
ಅರ್ಧ ಏರಿದ ಕಂಬ ಒಂದು ಮಗ್ಗುಲಿಗೆ ವಾಲಿತೋ,
ಇಡೀ ಭಾರ ಬಂದು ಅದರ ಕಿವಿ ಹಿಂಡುತ್ತದೆ.
ಎದ್ದು ನಿಂತ ಮೇಲೆ ಮೊಳೆ ತೆಗೆಯಲೂ ಬೇಕು.
ಮರೆತರೆ, ಗಾಳಿಯಲ್ಲಿ ತಿರುಗಹೋದ ಕಂಬ
ತನ್ನ ಪಾದ ತಾನೇ ಮುರಿದುಕೊಳ್ಳುತ್ತದೆ.

ಪಕ್ಕದ ತಂತಿಗಳೇ ನಿಜವಾದ ಕಳ್ಳರು.
ಕಂಬ ಮಲಗಿದ್ದಾಗ ಅವೂ ಸಡಿಲ, ಜೋಲು.
ತುದಿಯ ಕಣ್ಣು ತೂತಿನ ಪಟ್ಟಿಯೊಳಗೆ ಓರೆಯಾಗಿ ಸಿಕ್ಕಿ
ಏನೂ ಆಗಿಲ್ಲವೆಂಬಂತೆ ಕೂತಿರುತ್ತದೆ.
ಕಂಬ ಏಳುವವರೆಗೂ ತುಟಿ ಬಿಚ್ಚುವುದಿಲ್ಲ.
ಮೆರಿಲಳ ಮದ್ದು: ಹಳೆಯ ಸೈಕಲ್ ಟ್ಯೂಬು
ಕತ್ತರಿಸಿದ ಬಳೆಗಳು, ಎಡಕ್ಕೊಂದು ಬಲಕ್ಕೊಂದು,
ತಂತಿ ಬಿಗಿಯಾಗಿ, ಕಣ್ಣು ನೇರವಾಗಿ ನಿಲ್ಲುವಂತೆ.

ಹೋದ ಶನಿವಾರ ಅವಳು ಪೈ ತರಲು ಹೋಗಿದ್ದಳು.
ಪಕ್ಕದ ದೋಣಿಯ ಜ್ಯಾರಡ್, ಭುಜ ಎತ್ತಿನಂಥದು,
ಎರಡು ನಿಮಿಷದ ಕೆಲಸ, ಅಂದ.
ಟ್ಯೂಬಿನ ಬಳೆ ಬಕೆಟ್ಟಿನಲ್ಲೇ ಇತ್ತು. ಗಾಳಿ ಚೆನ್ನಾಗಿತ್ತು.
ಎತ್ತಿದೆವು.

ಟಕ್.

ಏನಿಲ್ಲ, ಅಂದ ಅವನು.
ಏನಿಲ್ಲ, ಅಂದೆ ನಾನೂ,
ದಿನಕ್ಕೆ ನಲವತ್ತು ಮೂಳೆ ನೋಡುವ ಎಕ್ಸ್-ರೇ ಕೋಣೆಯವಳು;
ಏನಿಲ್ಲ, ಸ್ವಲ್ಪ ನೋವಷ್ಟೆ, ಎನ್ನುತ್ತ ನಡೆದೇ ಬಂದವರ
ಕಾಲಿನ ಕೂದಲೆಳೆ ಬಿರುಕು ಬಲ್ಲವಳು.

ಮೆರಿಲ್ ಬಂದಳು. ಪಟ್ಟಿಯ ಮೇಲೆ ಹೆಬ್ಬೆರಳು ಎಳೆದಳು.
ಬೈಯಲಿಲ್ಲ. ಕಂಬ ಇಳಿಸಿದೆವು.
ತಿಂಗಳಲ್ಲೇ ಒಳ್ಳೆಯ ಗಾಳಿ ಬೇರೆಯವರ ಹಾಯಿ ತುಂಬಿತು;
ನಾವು ಟ್ರೇಲರಿನ ಮೇಲೆ ಕೂತು ಪೈ ತಿಂದೆವು.
ಸಾಸ್ ಜಾಸ್ತಿಯಾಗಿತ್ತು.

ಸೋಮವಾರ ಊಟದ ಬಿಡುವಿನಲ್ಲಿ, ಯಾರಿಗೂ ಹೇಳಬೇಡಿ,
ಆ ಸೊಟ್ಟ ಪಟ್ಟಿಯನ್ನು ಯಂತ್ರದ ಕೆಳಗಿಟ್ಟೆ.
ಪರದೆಯ ತುಂಬ ಬರೀ ಬಿಳಿ.
ಮೂಳೆ ಕೊಡುವಷ್ಟು ಸುಲಭವಾಗಿ ಸ್ಟೀಲು ಸಾಕ್ಷಿ ಕೊಡುವುದಿಲ್ಲ.
ಕೈಗವಸು ಕಳಚಿ ಹೆಬ್ಬೆರಳು ಎಳೆದೆ.
ಮೂರನೆಯ ತೂತಿನ ಅಂಚಲ್ಲಿ
ಉಗುರು ತಡೆಯಿತು.

ಇವತ್ತು ಹೊಸ ಪಟ್ಟಿ, ಹಳೆಯ ಟ್ಯೂಬು.
ಎಡಗಡೆ ನೋಡಿದೆ. ಬಲಗಡೆ ನೋಡಿದೆ.
ಮತ್ತೆ ಎಡಗಡೆ, ನಂಬಿಕೆ ಸಾಲದೆ.
ಅಷ್ಟರಲ್ಲಿ ಗಾಳಿ ಎದ್ದು ಮುಖ ತೊಳೆದಿತ್ತು;
ಜ್ಯಾರಡ್ ಆಗಲೇ ನೀರಿನಲ್ಲಿದ್ದ.

ಮೇಲೆ? ಕೇಳಿದಳು ಮೆರಿಲ್, ಕಂಬ ಹೆಗಲಿಗಿಟ್ಟು.
ತಂತಿಯಿಲ್ಲ, ಅಂದೆ. ಒಂದು ಕಡಲಹಕ್ಕಿ.

ಹಾಗಾದರೆ ಇರು, ಅಂದಳು,
ಅದು ದಾಟಿಕೊಳ್ಳಲಿ.