ಬಿಳಿ ಕಪ್ಪು

ಶನಿವಾರ ಬಟವಾಡೆ.
ಕೌಲ್ ಬಜಾರಿನ ಜೀನ್ಸ್ ಘಟಕದಿಂದ ಹೊರಬಿದ್ದಾಗ
ನಮ್ಮ ಬೆರಳು ನೀಲಿ.
ವಾಶಿಂಗ್‌ನ ಶಂಶಾದಳದು ಉಗುರಿನ ಬುಡದವರೆಗೆ,
ಗುಂಡಿ ಬಡಿಯುವ ನನ್ನದು ಗೆರೆಗೆರೆಯಲ್ಲಿ.
ಹೊತ್ತು ಮುಳುಗಿದರೂ ಬಳ್ಳಾರಿ ಗುಡ್ಡ ತಣಿಯುವುದಿಲ್ಲ,
ಹಗಲೆಲ್ಲ ಕುಡಿದ ಬಿಸಿಲನ್ನು
ರಾತ್ರಿ ಹತ್ತರವರೆಗೂ ತೇಗುತ್ತಿರುತ್ತದೆ ಬಂಡೆ.

ವಾರಕ್ಕೊಂದು ಅಂಗಡಿ. ಒಂದು ಕಪ್ಪು, ಎರಡು ಚಮಚ.
ಕೈವಹಿಯ ಕೊನೇ ಹಾಳೆಯಲ್ಲಿ ಅಂಕ ಬರೆಯುವವಳು ನಾನು,
ತಕರಾರು ಎತ್ತುವವಳು ಅವಳು.

ಮೊದಲನೆಯದು ಸ್ಟೇಷನ್ ರಸ್ತೆಯದು, ಗಾಜಿನ ಬಾಗಿಲು.
ಒಳಗೆ ಎಷ್ಟು ತಂಪೆಂದರೆ
ಐಸ್‌ಕ್ರೀಮು ಇನ್ನು ಯಾಕೆ ಅನ್ನಿಸಿತು.
ಹುಡುಗ ಮೆನು ಕೊಡುವ ಮೊದಲೇ ನಮ್ಮ ಕೈ ನೋಡಿದ,
‘ವಾಶ್ ಬೇಸಿನ್ ಆ ಕಡೆ’ ಎಂದ.
ತೊಳೆದು ಬಂದೆವು. ಮತ್ತೆ ನೋಡಿದ.
‘ಇದು ಹೋಗಂಗಿಲ್ಲ ತಮ್ಮಾ,’ ಎಂದಳು ಶಂಶಾದ್,
‘ನೀ ಹಾಕ್ಕಂಡಿರೋ ಪ್ಯಾಂಟಿನ ಬಣ್ಣಾನೇ ಇದು.’
ರುಚಿಗೆ ಎಂಟು. ಕಣ್ಣಿಗೆ ಸೊನ್ನೆ.

ಟಾಕೀಸಿನ ಎದುರಿನದರಲ್ಲಿ ಇಪ್ಪತ್ನಾಲ್ಕು ಹೆಸರು,
ಸಕ್ಕರೆ ಒಂದೇ.
ಪಿಸ್ತಾವನ್ನು ಚಮಚದಲ್ಲೆತ್ತಿ ಟ್ಯೂಬ್‌ಲೈಟಿಗೆ ಹಿಡಿದು
‘ಎರಡು ತೊಳೆತಕ್ಕೆ ಬಿಡೋ ಬಣ್ಣ’ ಎಂದಳು.
ಅವಳ ಕೆಲಸವೇ ಅದು, ನಾನು ವಾದಿಸಲಿಲ್ಲ.

ಬ್ರೂಸ್‌ಪೇಟೆಯ ಕುಲ್ಫಿ ಮುದುಕ
ತೆಲುಗಿನಲ್ಲಿ ಕರೆಯುತ್ತಾನೆ, ಕನ್ನಡದಲ್ಲಿ ಎಣಿಸುತ್ತಾನೆ,
ಚಿಲ್ಲರೆ ಇಲ್ಲವೆಂದರೆ ಉರ್ದುವಿನಲ್ಲಿ ಬೈಯುತ್ತಾನೆ.
ಏಲಕ್ಕಿ, ಗಟ್ಟಿ ಹಾಲು, ಹಲ್ಲಿಗೆ ಸಿಗುವ ಕೆನೆ.
ಕೂರಲು ಮಾತ್ರ ಏನೂ ಇಲ್ಲ.
ದಿನವಿಡೀ ನಿಂತವರಿಗೆ ಮತ್ತೆ ನಿಲ್ಲು ಎಂದದ್ದಕ್ಕೆ
ಒಂದೂವರೆ ಅಂಕ ಕಡಿತ.

ನಾಲ್ಕನೆಯದು ನೆನಪಿಲ್ಲ.
ವಹಿಯಲ್ಲಿ ಬರೀ ‘ನೊಣ’ ಎಂದಿದೆ.

ಗಾದಿಲಿಂಗನದು ಲೆಕ್ಕದಲ್ಲೇ ಇರಲಿಲ್ಲ,
ನಮ್ಮ ಓಣಿಯ ಬಾಯಲ್ಲೇ ಇತ್ತಲ್ಲ, ಅದಕ್ಕೆ.
ಒಂದು ಫ್ರಿಜ್ಜು, ಒಂದು ಬೆಂಚು.
ಮೇ ತಿಂಗಳು, ಎರಡನೇ ಶನಿವಾರ, ರಾತ್ರಿ ಎಂಟು:
ಕರೆಂಟು ಹೋಯಿತು.
ದೊಡ್ಡ ರಸ್ತೆಯಲ್ಲಿ ಜನರೇಟರುಗಳು ಗುರ್ರೆಂದವು.
ಇವನು ಫ್ರಿಜ್ಜಿನ ಮೇಲೆ ಗೋಣಿಚೀಲ ಹೊದಿಸಿ
ಅಂಗೈ ಇಟ್ಟು ನಿಂತ,
ಜ್ವರ ಬಂದ ಕೂಸಿನ ಹಣೆ ಮುಟ್ಟಿದಂತೆ.
ಮುಕ್ಕಾಲು ತಾಸು.
ಆಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿದ:
‘ಬರ್ರೀ, ಕರಗ್ತಾ ಐತೆ! ಇದ್ದಷ್ಟು ಕೊಡ್ರಿ, ಇಲ್ದಿದ್ರೆ ನಾಳೆ!’

ಬಂದರು. ಅದಿರಿನ ಕೆಂಧೂಳು ತೊಳೆಯದ ಲಾರಿ ಕ್ಲೀನರುಗಳು,
ಎರಡು ದಿನದ ಹಿಂದಷ್ಟೇ ಬಂದ ಖಾಜಾನ ಹೊಸ ಹೆಂಡತಿ,
ಲೋಟ ಹಿಡಿದ ಮಕ್ಕಳು.
ಕಂಬ ಹತ್ತಲು ಬಂದ ಲೈನ್‌ಮನ್ನಿಗೂ ಒಂದು ಸಿಕ್ಕಿತು.
‘ತಿಂದು ಹತ್ತಪ್ಪ, ಏನವಸರ’ ಎಂದರು ಎಲ್ಲ.
‘ಅವಸರ ನನಗೈತ್ರೋ!’ ಎಂದ ಗಾದಿಲಿಂಗ.
ಬೆಂಚಿನಲ್ಲಿ ಸರಿದು ನಮಗೂ ಜಾಗ ಕೊಟ್ಟರು.
ಕತ್ತಲಲ್ಲಿ ಬಿಳಿ ಕಪ್ಪೂ ಕಪ್ಪೇ,
ಬೆರಳಿನ ನೀಲಿ ಯಾರಿಗೆ ಕಾಣಬೇಕು.
ವೆನಿಲ್ಲಾ ಅರ್ಧ ನೀರಾಗಿತ್ತು. ಸ್ವಲ್ಪ ಉಪ್ಪುಪ್ಪು ಕೂಡ.
ಕುಡಿದೆವು.

ದೀಪ ಬಂತು. ಎಲ್ಲರೂ ಹೋ ಎಂದರು,
ಖುಷಿಗೋ ಬೇಸರಕ್ಕೋ.
ಡಬ್ಬಿಯ ದುಡ್ಡನ್ನು ಗಾದಿಲಿಂಗ ಎರಡು ಸಲ ಎಣಿಸಿದ,
ಮೂರನೇ ಸಲಕ್ಕೆ ಕೈಬಿಟ್ಟ.

ನಾನು ವಹಿ ತೆಗೆದೆ.
ಶಂಶಾದ್ ಪೆನ್ನು ಕಸಿದುಕೊಂಡಳು:
‘ಇದಕ್ಕೆ ಅಂಕ ಹಾಕಬ್ಯಾಡ.
ಹಾಕಿದ್ರೆ ಕರೆಂಟು ಮತ್ತೆ ಹೋಗ್ಲಿ ಅಂತ
ಬೇಡಿಕೊಂಡಂಗಾಗ್ತದೆ.’
ಮುಚ್ಚಿದೆ.

ಮುಂದಿನ ಶನಿವಾರ, ಎಂಟು ಗಂಟೆಗೆ,
ಅವನ ಬೆಂಚಿನ ಮೇಲೆ ಪೂರ್ತಿ ದುಡ್ಡು ಕೊಟ್ಟು ಕೂತವರು
ಒಬ್ಬರಿಗೊಬ್ಬರು ಕಾಣದ ಹಾಗೆ
ಬಲ್ಬನ್ನೇ ನೋಡುತ್ತಿದ್ದೆವು.